ಹಿಂದಕ್ಕೆ ಬೀಳಬೇಕಾದ ಬೆಳಕು

ಐದು ಗಂಟೆಗೆ ಗೋದಾಮಿನ ಮೇಲ್ವಿಚಾರಕರ ಎದುರು ರಿವರ್ಸ್ ಲೈಟು ಉರಿಯಬೇಕಿತ್ತು. ಉರಿಯದಿದ್ದರೆ ನನ್ನ ಸೊಸೆಯ ಪಿಕಪ್ಪನ್ನು ನಾಳೆಯಿಂದ ಗೇಟಿನೊಳಗೆ ಬಿಡುವುದಿಲ್ಲ. ಹೋದ ವಾರ ಅಲ್ಲಿಯ ನೆಲಮಾಳಿಗೆಯ ಇಳಿಜಾರಿನಲ್ಲಿ ಅವಳು ಗಾಡಿಯನ್ನು ಹಿಂದಕ್ಕೆ ಬಿಡುವಾಗ ಹಮಾಲಿಯೊಬ್ಬನ ತಳ್ಳುಗಾಡಿ ನಜ್ಜುಗುಜ್ಜಾಗಿತ್ತು. ಆತ ಕೂದಲೆಳೆಯಲ್ಲಿ ಪಾರಾಗಿದ್ದ. ಹಗಲಲ್ಲೂ ಕತ್ತಲು ತುಂಬಿರುವ ಜಾಗ ಅದು. ಅವತ್ತು ಸೊಸೆಗೆ ಅನ್ನ ಇಳಿಯಲಿಲ್ಲ.

ನಿನ್ನೆ ಅವಳು ಅಂಗಡಿಯಿಂದ ಎರಡು ದೊಡ್ಡ ದೀಪ ತಂದು, ಹಿಂದಿನ ಬಂಪರಿನ ಕೆಳಗೆ ತಾನೇ ಕೂರಿಸಿದಳು. ಹಚ್ಚಿ ನೋಡಿದರೆ ಮಿಣುಕುಹುಳದಷ್ಟೂ ಬೆಳಕಿಲ್ಲ.

ಮೂರು ಗಂಟೆಗೆ ವೈರಿಂಗ್ ಮಾಡುವವರು ಬಂದರು. ಕೊರಳಲ್ಲಿ ಸದಾ ಪರೀಕ್ಷೆಯ ಬಲ್ಬು ನೇತುಹಾಕಿಕೊಂಡಿರುವುದರಿಂದ ಬೀದಿಗೆಲ್ಲ ಅವರು ‘ಡಾಕ್ಟರು’. ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದರು. ಕೇಳಿದರೆ ಹಸಿವಿಲ್ಲ ಅಂದರು.

“ಅಮ್ಮ, ನೀವು ಒಳಗೆ ಕೂತ್ಕೊಳ್ಳಿ. ಇಂಜಿನ್ ಬೇಡ, ಕೀ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ.”

ಹಾಕಿದೆ. ಹಿಂದಿನಿಂದ ಮಗನ ದನಿ: “ಅಮ್ಮ, ಏನೂ ಹತ್ತಲಿಲ್ಲ.”

ಡಾಕ್ಟರು ಒಳಗೆ ಇಣುಕಿದರು. “ಅದು ಮೂರನೇ ಗೇರು. ಹೀಗೆ ಹೋದ್ರೆ ನೀವು ಮುಂದಿನ ಮನೆಗೇ ಹೋಗ್ತೀರ.”

ಈ ಸಲ ಸರಿಯಾಗಿ ರಿವರ್ಸ್ ಹಾಕಿದೆ. ಫ್ಯೂಸು ಸರಿಯಿತ್ತು. ಗೇರಿನ ಸ್ವಿಚ್ಚೂ ಸರಿಯಿತ್ತು. ಪರೀಕ್ಷೆಯ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ದೀಪದ ವೈರಿಗೂ ಮುಟ್ಟಿಸಿದರೆ ಅದು ಜಗಜಗ ಉರಿಯಿತು. ದೀಪ ಮಾತ್ರ ಮಂಕು. ನಾಲ್ಕು ಹೊಡೆಯಿತು.

“ನಾನೇ ಏನೋ ತಪ್ಪು ಕೊಟ್ಟಿದ್ದೀನಿ ಅಣ್ಣ. ಎಲ್ಲಾ ಕಿತ್ತು ಹಾಕಿ,” ಅಂದಳು ಸೊಸೆ.

“ಕೀಳೋದು ಸುಲಭ ಕಣಮ್ಮ, ತಾಳು. ಅಮ್ಮ, ಗೇರ್ ತೆಗೀರಿ.”

ತೆಗೆದೆ. ಕಾಲು ಗಾಬರಿಯಲ್ಲಿ ಎಲ್ಲಿಗೋ ಹೋಯಿತು.

“ಈಗ ಮಿನುಗ್ತಿದೆ,” ಅಂದ ಮಗ.

“ಗೇರ್ ಇಲ್ದೇನೇ? ಅಮ್ಮ, ಏನು ಮುಟ್ಟಿದ್ರಿ?”

“ಏನೂ ಇಲ್ಲಪ್ಪ.”

“ಕಾಲೆಲ್ಲಿದೆ?”

“ಬ್ರೇಕ್ ಮೇಲೆ.”

“ಹಾಗೇ ಇರಲಿ, ಅಲ್ಲಾಡಿಸಬೇಡಿ.” ಅವರು ಗಾಡಿಯ ಕೆಳಗೆ ತೂರಿದರು. “ಕರೆಂಟು ಬರೋದು ಬರ್ತಿದೆ, ವಾಪಸ್ ಹೋಗೋಕೆ ದಾರಿ ಇಲ್ಲ. ಅದಕ್ಕೇ ಬ್ರೇಕ್ ಲೈಟಿಂದು ಪಕ್ಕದ ಮನೆ ಹಿತ್ತಲಿಗೆ ನುಗ್ಗೋ ಹಾಗೆ ಇಲ್ಲಿ ನುಗ್ತಿದೆ. ಅರ್ತಿಂಗ್ ಎಲ್ಲಿ ಕೊಟ್ಟೆ?”

“ಬ್ರೇಕ್ ಲೈಟಿನ ಅರ್ತಿಂಗ್ ಇದ್ದ ಹಳೇ ಬೋಲ್ಟಿಗೇ. ಗಟ್ಟಿಯಾಗಿ ಬಿಗಿದಿದ್ದೀನಿ,” ಅಂದಳು ಸೊಸೆ.

ಮಗ ಬಗ್ಗಿ ಬಂಪರಿನ ಅಡಿ ನೋಡಿದ. ಅವನು ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವವನು.

“ಆ ಬೋಲ್ಟ್ ಬಿಚ್ಚಿದ್ದು ನಾನು,” ಅಂದ. “ತಳ್ಳುಗಾಡಿ ತಾಗಿದ ಗುರುತು ದಿನಾ ಇವಳ ಕಣ್ಣಿಗೆ ಬೀಳೋದು ಬೇಡ ಅಂತ ಹಿಂದುಗಡೆ ಎಲ್ಲ ಪೇಂಟ್ ಮಾಡ್ದೆ. ಬೋಲ್ಟಿನ ಅಡಿಗೂ ಮೂರು ಕೋಟು ಹೊಡೆದಿದ್ದೀನಿ.”

“ಅಚ್ಚುಕಟ್ಟು ಜಾಸ್ತಿ ಆಯ್ತು ಪೇಂಟರ್ ಸಾಹೇಬ್ರೆ. ಬಣ್ಣದ ಮೇಲೆ ಕರೆಂಟು ಹರಿಯುತ್ತಾ?”

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಸೊಸೆ ಏನಾದರೂ ಅಂದಾಳು ಎಂದುಕೊಂಡೆ. ಅವಳು ಮರಳುಕಾಗದವನ್ನು ಅರ್ಧ ಹರಿದು ಗಂಡನ ಕೈಗಿಟ್ಟಳು. “ನೀವು ಚಾಸಿ ಕಡೆ ಉಜ್ಜಿ, ನಾನು ವೈರಿನ ತುದಿ ನೋಡ್ತೀನಿ.” ಇಬ್ಬರೂ ಕೆಳಗೆ ಮಲಗಿ ಉಜ್ಜಿದರು. ಬರಿಯ ಕಬ್ಬಿಣ ಹೊಳೆಯತೊಡಗಿದ ಮೇಲೆ ಬೋಲ್ಟು ಬಿಗಿದು ಗೇರು ಹಾಕಿದೆವು. ನೆರಳಲ್ಲಿದ್ದ ಎದುರುಮನೆಯ ಗೋಡೆ ಬೆಳ್ಳಗಾಯಿತು.

ಗೋದಾಮು ಮುಟ್ಟಿದಾಗ ಐದಕ್ಕೆ ನಾಲ್ಕು ನಿಮಿಷ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮೇಲ್ವಿಚಾರಕರು ದೀಪವನ್ನು ನೋಡಲೇ ಇಲ್ಲ.

“ನಾನು ಕೆಳಗೆ ಹೋಗ್ತೀನಿ. ಎಲ್ಲಿ ನಿಂತಿರ್ತೀನಿ ಅಂತ ಹೇಳಲ್ಲ. ರಿವರ್ಸ್ ಬನ್ನಿ, ಕಂಡ ತಕ್ಷಣ ನಿಲ್ಲಿಸಿ.”

ಅವರು ಕತ್ತಲಲ್ಲಿ ಕರಗಿಹೋದರು. ಗಾಡಿ ಇಂಚಿಂಚಾಗಿ ಇಳಿಯಿತು. ಸೊಸೆಯ ಕಣ್ಣು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಓಡುತ್ತಿತ್ತು. ಎಲ್ಲಿಯೂ ಯಾರೂ ಇಲ್ಲ. ಇನ್ನಷ್ಟು ಇಳಿದೆವು. ಗಕ್ಕನೆ ಬ್ರೇಕು.

“ಎಡಗಡೆ ಕಂಬದ ಹಿಂದೆ, ಸರ್,” ಕಿಟಕಿಯಿಂದ ತಲೆ ಹೊರಹಾಕಿ ಅಂದಳು. “ಕೈಯಲ್ಲಿ ಪೆನ್ನಿದೆ.”

“ಪೆನ್ನೂ ಕಾಣ್ತಾ?”

“ಮುಚ್ಚಳ ಇಲ್ಲ, ಸರ್.”

ಅವರು ಮೇಲೆ ಬಂದು ಬಾನೆಟ್ಟಿನ ಮೇಲಿಟ್ಟೇ ಗೇಟಿನ ಪಾಸಿಗೆ ಸಹಿ ಹಾಕಿದರು. ಸೊಸೆ ಕಿಟಕಿಯಿಂದ ಕೈ ಚಾಚಿದಳು. ಅವಳ ಬೆರಳು ಕಾಗದವನ್ನು ಗಟ್ಟಿಯಾಗಿ ಹಿಡಿಯುವವರೆಗೂ ಅವರು ಇನ್ನೊಂದು ತುದಿಯನ್ನು ಬಿಡಲಿಲ್ಲ.

“ಬೆಳಗ್ಗೆ ಆರಕ್ಕೆ ಲೋಡಿದೆ,” ಅಂದರು.