ಬೇವಿನ ನೆರಳು ಬಿದ್ದಷ್ಟು

ಸುಗುಣವ್ವನಿಗೆ ಎಪ್ಪತ್ತೆಂಟು ವರ್ಷ. ಗೋರಿಯ ಮೇಲೆ ಒಂದು ಎಲೆ ಬಿದ್ದಿದ್ದರೂ ಆಕೆಗೆ ಊಟ ಸೇರುವುದಿಲ್ಲ. ರನ್ನ ಬೆಳಗಲಿ ಊರಿನ ಮಗ್ಗುಲಿನ ಹಳ್ಳಿಯೊಂದರ ಚರ್ಚಿನ ಸ್ಮಶಾನದಲ್ಲಿ ನಲವತ್ತೊಂದು ಗೋರಿಗಳಿವೆ. ಅಷ್ಟಕ್ಕೂ ಶನಿವಾರಕ್ಕೊಮ್ಮೆ ಕಸ ಹೊಡೆಯುವವಳು, ಈಸ್ಟರ್ ಬಂತೆಂದರೆ ಸುಣ್ಣ ಹಚ್ಚುವವಳು ಅವಳೇ. ಯಾರೂ ನೇಮಿಸಿದ್ದಲ್ಲ, ಬೇಡ ಅನ್ನುವ ಧೈರ್ಯವೂ ಯಾರಿಗಿಲ್ಲ. ಕೊನೆಯ ಸಾಲಿನ ತುದಿಯಲ್ಲಿರುವುದು ಗಂಡ ದೇವದಾನಪ್ಪನ ಗೋರಿ. ಅದಕ್ಕೆ ಮಾತ್ರ ಎರಡು ಸಲ ಸುಣ್ಣ, ಸುಣ್ಣದಲ್ಲಿ ಚೂರು ನೀಲಿ. ಅದರ ಮೂಡಣ ಮಗ್ಗುಲಿನ ಖಾಲಿ ನೆಲ ತನ್ನದೆಂದು ಆರು ವರ್ಷದ ಹಿಂದೆ, ಗಂಡನನ್ನು ಮಣ್ಣು ಮಾಡಿದ ದಿನವೇ, ಊರಿಗೆಲ್ಲ ಸಾರಿಬಿಟ್ಟಿದ್ದಳು.

ಈ ಸ್ಮಶಾನಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಊರಿನ ಕ್ರೈಸ್ತರ ಮನೆಯಲ್ಲಿ ಮೊದಲ ಸಾವಾದಾಗ ಹೆಣ ಎಲ್ಲಿ ಹೂಳುವುದೆಂದು ತಿಳಿಯದೆ ಮಂದಿ ದಾರಿಯಲ್ಲೇ ನಿಂತಿದ್ದರಂತೆ. ಆಗ ಹೊಲದ ಧಣಿ ಚನಮಲ್ಲಪ್ಪ ತನ್ನ ಬೇವಿನ ಮರ ತೋರಿಸಿ, "ನಾವೂ ಹೂಳವರ, ನೀವೂ ಹೂಳವರ. ಈ ಬೇವಿನ ನೆರಳು ಬಿದ್ದಷ್ಟು ನೆಲ ನಿಮ್ದು, ತಗೋರಿ" ಅಂದನಂತೆ. ಅಂದಿನಿಂದ ವರ್ಷವರ್ಷವೂ ಈಸ್ಟರಿನ ಹಿಂದಿನ ದಿನ, ಆಮೇಲಾಮೇಲೆ ನಡುಮಧ್ಯಾಹ್ನಕ್ಕೇ, ಆ ಮನೆಯವರೇ ಬಂದು ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಗೋರಿ, ಹೊರಗೆ ಕಬ್ಬು. ಮರ ಬೆಳೆದಂತೆ ಸ್ಮಶಾನವೂ ಬೆಳೆಯಿತು. ಆ ಮನೆಯವರು ತುಟಿಪಿಟಕ್ಕೆನ್ನಲಿಲ್ಲ.

ಆದರೆ ಈ ಸಲದ್ದು ಕಡೆಯ ಗೆರೆ. ಪಾಸ್ಟರ್ ಧರ್ಮರಾಜರು ಗೋಡೆ ಕಟ್ಟಿಸಲು ಕಲ್ಲು ತರಿಸಿದ್ದರು. ಗೆರೆ ಎಲ್ಲಿಯೋ ಗೋಡೆ ಅಲ್ಲಿ.

ಸುಗುಣವ್ವನಿಗೆ ಎರಡು ದಿನದಿಂದ ನಿದ್ದೆಯಿಲ್ಲ. ಕಾಗೆಗಳು ಕೂತು ದೇವದಾನಪ್ಪನ ಬಿಳಿ ಗೋರಿಯನ್ನು ಹೊಲಸು ಮಾಡುತ್ತವೆಂದು ಹೋದ ಮಳೆಗಾಲದಲ್ಲಿ ಮರದ ಮೂಡಣ ಟೊಂಗೆಯನ್ನು ಆಳು ಹಚ್ಚಿ ಕಡಿಸಿದ್ದಳು. ಗೋರಿ ಥಳಥಳ ಅಂದಿತು, ನೆರಳು ಹೋಯಿತು. ಈಗ ಮಧ್ಯಾಹ್ನದ ನೆರಳು ಗಂಡನ ಗೋರಿಗೇ ನಿಂತುಬಿಡುತ್ತದೆ. ಅವಳ ಜಾಗ ಬಿಸಿಲಿನಲ್ಲಿ, ಅಂದರೆ ಚನಮಲ್ಲಪ್ಪನ ಮೊಮ್ಮಗ ಗಿರಿಮಲ್ಲಪ್ಪನ ಹೊಲದಲ್ಲಿ. ಮಾಡಿದ್ದುಣ್ಣೋ ಮಹಾರಾಯ! ಗಿರಿಮಲ್ಲಪ್ಪನೋ ಅಜ್ಜನ ಮಾತಿಗೆ ಒಂದು ಬೆರಳು ಹೆಚ್ಚು ಕಡಿಮೆ ಮಾಡದ ಮನುಷ್ಯ. ಕೈಚಾಚಿ ಬೇಡುವುದು ಇವಳ ಜಾಯಮಾನವಲ್ಲ.

ಶನಿವಾರ ಮಧ್ಯಾಹ್ನ ಗಿರಿಮಲ್ಲಪ್ಪ ಬಂದವನೇ ಬೇವಿನ ಬುಡದಲ್ಲಿ ಕೂತುಬಿಟ್ಟ.

"ಹನ್ನೆರಡು ಆತ್ರಿ," ಎಂದರು ಪಾಸ್ಟರ್, ಸುಣ್ಣದ ಬುಟ್ಟಿ ಹಿಡಿದು.

"ತಡೀರಿ, ಮೊಣಕಾಲು ಹಿಡದಾವ. ಸುಗುಣಕ್ಕ, ಬುತ್ತಿ ಏನ ತಂದಿ?"

ಬುತ್ತಿ ಬಿಚ್ಚಿದಳು. ಮೂರು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಅವನ ಹೊಟ್ಟೆ ಸೇರಿದವು. ಮಜ್ಜಿಗೆ ಕೇಳಿದ. ಕುಡಿದು, ಟವೆಲ್ ಹಾಸಿ ಅಡ್ಡಾದ. ಗೊರಕೆ ಶುರುವಾಯಿತು. ಪಾಸ್ಟರ್ ಒಂದು ಸಲ ಮೊಬೈಲ್ ನೋಡುವರು, ಒಂದು ಸಲ ಕಬ್ಬು ನೋಡುವರು. ಸುಗುಣವ್ವ ಅತ್ತ ತಿರುಗಲಿಲ್ಲ. ಬಿಸಿಲು ಬಿದ್ದ ತನ್ನ ಜಾಗವನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಎರಡು ತಾಸು ಹೀಗೆ ಕೂತ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಏಳೋ ತಮ್ಮಾ, ಗೆರಿ ಎಳದಬಿಡು. ಆ ಟೊಂಗಿ ಕಡಿಸಿದಾಕಿ ನಾನ. ನನ್ನ ಜಾಗಾ ನಾನ ಕಳಕೊಂಡೆ, ಇನ್ನ ಯಾ ಮಾರಿ ಹೊತ್ತು ಕೇಳ್ಲಿ?" ಅನ್ನುವಷ್ಟರಲ್ಲಿ ಕಣ್ಣು ತುಂಬಿ ಬಂದವು.

ಗಿರಿಮಲ್ಲಪ್ಪ ಕಣ್ಣು ತೆರೆಯದೆಯೇ ಹೇಳಿದ: "ಗೊತ್ತೈತೆವಾ. ಆ ಟೊಂಗಿ ನಾನ ಒಯ್ದೇನಿ. ನಮ್ಮ ಕೊಟ್ಟಿಗ್ಯಾಗ ಕಂಬ ಆಗಿ ನಿಂತೈತಿ. ನಾಕು ಎಮ್ಮಿ ಅದರ ಮಗ್ಗಲದಾಗ ಆರಾಮ ಮಲಗತಾವ. ಎಮ್ಮಿಗೆ ಜಾಗಾ ಸಿಕ್ಕು, ನಿನಗ ಗಂಡನ ಮಗ್ಗಲ ಸಿಗಲಿಲ್ಲಂದ್ರ ಹೆಂಗ?"

"ಮತ್ತ ನೆರಳು?"

"ಹನ್ನೆರಡಕ್ಕ ಗೆರಿ ಎಳಿಯೂದು ನಮ್ಮಪ್ಪ ಹಾಕಿದ ರೂಢಿ. ಅಂವ ಮೊದಲ ಜಿಪುಣ. ನಮ್ಮಜ್ಜ ಬರೇ ನೆರಳು ಅಂದಾನ, ಹೊತ್ತು ಹೇಳಿಲ್ಲ. ಹೊಳ್ಳಿ ನೋಡು."

ಸುಗುಣವ್ವ ತಿರುಗಿದಳು. ಹೊತ್ತು ವಾಲಿ, ಬೇವಿನ ನೆರಳು ದೇವದಾನಪ್ಪನನ್ನು ದಾಟಿ, ಅವಳ ಜಾಗವನ್ನೂ ಪೂರಾ ಮುಚ್ಚಿ, ಕಬ್ಬಿನ ಎರಡನೆಯ ಸಾಲಿನವರೆಗೆ ಬಂದು ನಿಂತಿತ್ತು. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡೂ ಮಾಡಿದಳು.

ಗಿರಿಮಲ್ಲಪ್ಪ ಎದ್ದ. ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಪಾಸ್ಟರ ಕೈಯಿಂದ ಬುಟ್ಟಿ ಕಸಿದು ಕಬ್ಬಿನೊಳಗೇ ನುಗ್ಗಿ ಗೆರೆ ಎಳೆದ.

"ಇನ್ನೊಂದು ತಾಸು ಮಲಗಿದ್ರ ಅರ್ಧ ಹೊಲ ಚರ್ಚಿಂದ ಆಗ್ತಿತ್ತಲ್ರಿ," ಎಂದರು ಪಾಸ್ಟರ್.

"ಅದಕ್ಕ ಎದ್ದೇನ್ರಿ."

ಅಷ್ಟರಲ್ಲಿ ಕಾಗೆಯೊಂದು ದೇವದಾನಪ್ಪನ ಹೊಸ ಸುಣ್ಣದ ಗೋರಿಯ ಮೇಲೆ ತನ್ನ ಕೆಲಸ ಮುಗಿಸಿತು. ಸುಗುಣವ್ವ ಮರದ ಕಡೆ ಒಮ್ಮೆ ನೋಡಿದಳು, ಬೈಯಲಿಲ್ಲ. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಆಮೇಲೆ ತನ್ನ ಜಾಗದಲ್ಲಿ ಕಾಲು ಚಾಚಿ ಕೂತು, ಗೆರೆಯೊಳಗೆ ಬಂದ ಕಬ್ಬನ್ನು ನೋಡುತ್ತ ಅಂದಳು:

"ಗಿರಿಮಲ್ಲಪ್ಪ, ಈ ಎರಡು ಸಾಲು ಕಬ್ಬು ನೀನ ಕಡಕೊಂಡು ಹೋಗು. ಮುಂದಿನ ವರ್ಷದ್ದೂ ನೀನ ತಗೋ, ಅದರಾಚಿ ವರ್ಷದ್ದೂ. ಜಾಗಾ ಅಂತೂ ಗಟ್ಟಿ ಆತು, ಇನ್ನ ನನಗೇನ ಅವಸರಿಲ್ಲ."