ಮೀನು ಕರಿಯುವ ಸಪ್ಪಳ

"ಇದು ನನ್ನ ಗಂಟಿ ಅಲ್ಲ ಬಿಡು ಬೇಟಾ," ಎಂದು ಉಸ್ಮಾನ ಕೀಬೋರ್ಡಿನ ಮೇಲಿಂದ ಕೈ ತೆಗೆದ.

ಮೂವತ್ತು ವರ್ಷ ಮದುವೆ, ಮುಂಜಿ, ಗಣಪತಿ ಅಂತ ಮುಂಬಯಿಯನ್ನೆಲ್ಲ ಸುತ್ತಿ ಬಂದ ಕೀಬೋರ್ಡು ಹೋದ ವಾರ ದನಿ ಕಳೆದುಕೊಂಡಿತ್ತು. ದೀಪ ಹತ್ತುತ್ತಿತ್ತು, ಸ್ವರ ಮಾತ್ರ ಇಲ್ಲ. ಒಳಗಿನ ಚಿಪ್ ಈಗೆಲ್ಲೂ ಸಿಗುವುದಿಲ್ಲವೆಂದು ರಿಪೇರಿಯವನು ಕೈಚೆಲ್ಲಿದ್ದ. ನಾಳೆಯೇ ದಾದರಿನ ಹಾಲ್‌ನಲ್ಲಿ ಗುರುಬಾಯಿಯ ಮಗಳ ಮದುವೆ. ಗುರುಬಾಯಿ ಊರ ಕಡೆಯವಳು. "ನನ್ನ ಮದ್ವ್ಯಾಗ ಮಾಲಿ ಹಾಕೂ ಮುಂದ ಕೀಬೋರ್ಡಿನ್ಯಾಗ ಗಂಟಿ ಬಾರಿಸಿದ್ರಲ್ಲ ಅಣ್ಣಾ, ವಿನೋದಿನಿಗೂ ಅದೇ ಬೇಕು. ಬ್ಯಾರೆ ಏನೂ ಬ್ಯಾಡ," ಎಂದು ಎಲೆ ಅಡಿಕೆ ಕೊಟ್ಟು ಹೋಗಿದ್ದಳು. ಇವನೂ ಹೂಂ ಅಂದಾಗಿತ್ತು. ಈಗ ಇಲ್ಲ ಅನ್ನಲು ಯಾವ ಮುಖ?

ಮಗಳು ಶಬ್ರೀನ ಬಿಡುವ ಹುಡುಗಿಯಲ್ಲ. ಅಂಧೇರಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ, ನಟರ ಮಾತಿನ ನಡುವೆ ಸೇರಿದ ಗದ್ದಲ ಅಳಿಸುವುದೇ ಅವಳ ಕೆಲಸ. ಯಾರೋ ಪುಣ್ಯಾತ್ಮ ಇದೇ ಜಾತಿಯ ಹಳೇ ಕೀಬೋರ್ಡಿನ ಒಂದೊಂದು ಕೀಯನ್ನೂ ಒತ್ತಿ, ರೆಕಾರ್ಡ್ ಮಾಡಿ, ಸಾಫ್ಟ್‌ವೇರ್ ಮಾಡಿದ್ದನ್ನು ಹುಡುಕಿ ತೆಗೆದಿದ್ದಳು. ಬೆಲೆ ಒಂದು ಪ್ಲೇಟು ಬಿರಿಯಾನಿಯಷ್ಟು. ಹಳೇ ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು ಎಳೆದಳು. ಬೆರಳು ಇಲ್ಲಿ ಒತ್ತಿದರೆ ದನಿ ಅಲ್ಲಿಂದ!

"ಅದೇ ಗಂಟಿ ಐತಲ್ಲ ಅಬ್ಬಾ. ಏಕ್‌ದಮ್ ಸೇಮ್!"

"ಸೇಮ್ ಐತಿ, ಖರೆ. ಆದ್ರ ಜೀವ ಇಲ್ಲ ಇದಕ." ಉಸ್ಮಾನ ಲ್ಯಾಪ್‌ಟಾಪನ್ನು ಮಗಳತ್ತ ಸರಿಸಿದ. "ಗುರುಬಾಯಿಗೆ ಫೋನ್ ಹಚ್ಚು. ಬ್ಯಾರೆಯವರನ್ನ ನೋಡ್ಕೊ ಅಂತ ಹೇಳ್ತೀನಿ."

ಪರದೆಯಾಚೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಹಜರತಬಿ ಅಲ್ಲಿಂದಲೇ ಕೂಗಿದಳು. "ಅಯ್ಯ, ನಿಮ್ಮ ಕಿವಿಗೇನಾಗ್ಯದ? ಮೀನು ಕರಿಯೂ ಸಪ್ಪಳ ಎಲ್ಲಿ?"

"ಯಾವ ಮೀನ?"

"ನೀವು ಒಂದ್ಸಲ ಗಂಟಿ ಬಾರಿಸಿದ್ರ ಹಿಂದ ಚರ್ರ್ ಅಂತಿತ್ತಲ್ಲ, ಎಣ್ಣ್ಯಾಗ ಮೀನು ಬಿಟ್ಟಂಗ. ಲಗ್ನ ಆದಾಗಿಂದ ಕೇಳಾಕತ್ತೀನಿ, ನನಗ ಗೊತ್ತಿಲ್ಲೇನು?"

ಶಬ್ರೀನ ನಾಲಿಗೆ ಕಚ್ಚಿಕೊಂಡಳು. "ಹಾಯ್ ಅಲ್ಲಾ! ಅದು ಇದ್ರಾಗೂ ಇತ್ತು ಅಮ್ಮೀ. ಕಚರಾ ಅಂತ ನಾನೇ ಸಾಫ್ ಮಾಡಿಬಿಟ್ಟೆ!"

"ನಿನ್ನ ಸ್ಟುಡಿಯೋದ ಕಸಬರಿಗಿ ಮನ್ಯಾಗ ಯಾಕ ತಂದಿ?"

ಶಬ್ರೀನ ನಗುತ್ತ ಒಂದು ಗುಂಡಿ ಒತ್ತಿ ಅಳಿಸಿದ್ದನ್ನು ಮರಳಿ ತಂದಳು. ಉಸ್ಮಾನ ಮತ್ತೆ ಬೆರಳಿಟ್ಟ. ಗಂಟೆ ಮೊಳಗಿತು, ಅದರ ಬೆನ್ನಿಗೇ ಸಣ್ಣಗೆ, ಚರ್ರ್. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು! ಬಾರಿಸಿದ, ನಕ್ಕ, ಮತ್ತೆ ಬಾರಿಸಿದ. ಹಜರತಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಒಳಗೆ ರೊಟ್ಟಿ ಸೀದದ್ದು ಮೂವರಿಗೂ ತಿಳಿಯಲಿಲ್ಲ.

ಮರುದಿನ ದಾದರಿನ ಹಾಲ್‌ನಲ್ಲಿ ವಿನೋದಿನಿ ಮಾಲೆ ಎತ್ತಿದಳು. ಉಸ್ಮಾನ ಕಣ್ಣುಮುಚ್ಚಿ ಗಂಟೆ ನುಡಿಸಿದ. ನೂರಾರು ಕೈಗಳಿಂದ ಅಕ್ಷತೆ ಹಾರಿತು, ಹುಡುಗರು ಸೀಟಿ ಹೊಡೆದರು, ಗುರುಬಾಯಿಯ ಗಂಡ ಫೋಟೋದವನನ್ನು ಬೈಯುತ್ತ ಓಡಾಡಿದ.

ಕೊನೆಯ ಸ್ವರ ಮುಗಿದ ಮೇಲೂ ಆ ಸಣ್ಣ ಚರ್ರ್ ಒಂದು ಗಳಿಗೆ ಉಳಿಯಿತು. ಗುರುಬಾಯಿ ಸೆರಗು ಬಾಯಿಗಿಟ್ಟುಕೊಂಡು ಕೀಬೋರ್ಡಿನ ಕಡೆಗೇ ನೋಡುತ್ತ ನಿಂತಿದ್ದಳು. ಅವಳ ಅಕ್ಷತೆ ಇನ್ನೂ ಮುಷ್ಟಿಯಲ್ಲೇ ಇತ್ತು.