ಅತ್ತೆಯ ಮೆಷಿನ್ ಮಹಡಿ ಹತ್ತಿದ ದಿನ

ನಮ್ಮ ಮನೆಯ ಹಿಂದಿನ ಹಳ್ಳ ಬೆಟ್ಟದಿಂದ ನೇರ ಇಳಿಯುತ್ತದೆ. ಮೇಲೆಲ್ಲ ಬಂಡೆ, ಕಡಿದಾದ ಇಳಿಜಾರು. ಬಿದ್ದ ಮಳೆ ನೆಲದಲ್ಲಿ ಇಂಗದೆ ಓಡೋಡಿ ಬರುತ್ತದೆ. ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಹಳ್ಳ ಏರಿಬಿಡುತ್ತದೆ. ಆ ದಿನವೂ ಬೆಟ್ಟದ ನೆತ್ತಿ ಬೆಳಗಿನಿಂದ ಕಪ್ಪಾಗಿತ್ತು, ನೀರು ದಂಡೆಯ ಅಂಚು ಮುಟ್ಟಿತ್ತು.

ನಮ್ಮತ್ತೆ ಬಟ್ಟೆ ಹೊಲಿಯುವವರು. ಕೆಳಗಿನ ಕೋಣೆಯ ಕಿಟಕಿಯ ಪಕ್ಕ ಅವರ ಹೊಲಿಗೆ ಮೆಷಿನ್. ಅದನ್ನು ಮಹಡಿಗೆ ಸಾಗಿಸೋಣವೆಂದು ನಾನು ಬೇಡಿಕೊಂಡಿದ್ದೇ ಬಂತು.

"ಮೇಲೆ ಹೋದ ಮೆಷಿನ್ ಮತ್ತೆ ಇಳಿಯಲ್ಲ ಕಣೇ. ಗಂಡ ಹೆಂಡ್ತಿ ಸೇರಿ, ಸಾಕು ಹೊಲಿದಿದ್ದು, ಸುಮ್ನೆ ಕೂತ್ಕೊಳ್ಳಿ ಅಂತೀರಿ. ನಂಗೊತ್ತಿಲ್ವಾ?"

ಅವರ ಭಯ ಸುಳ್ಳಲ್ಲ. ಅವರ ಮಗ, ಅಂದರೆ ನನ್ನ ಗಂಡ, ಹೋದ ವಾರವಷ್ಟೇ ಹಾಗೆಂದಿದ್ದರು.

ಮಧ್ಯಾಹ್ನ ಕಿಟಕಿಯಲ್ಲಿ ಬಗ್ಗಿ ನೋಡಿ ಅತ್ತೆ ನಕ್ಕರು. "ನೋಡು, ಹಳ್ಳ ಇಳಿದೇಹೋಯ್ತು. ಪುಕ್ಕಲಿ! ಹೋಗು, ಟೀ ಮಾಡ್ಕೊಂಡು ಬಾ."

ನನಗೂ ಹೋದ ಜೀವ ಬಂದಂತಾಯಿತು. ಮಹಡಿಯ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಚರಟ ತುಂಬಿ ಜರಡಿ ಕಟ್ಟಿಕೊಂಡಿತು. ಲೋಟಕ್ಕೆ ತೊಟ್ಟು ತೊಟ್ಟೇ ಬಿತ್ತು. ಚಮಚದಲ್ಲಿ ಕೆದಕಿದ್ದೇ ತಡ, ಭರ್ರೆಂದು ಸುರಿದು ಲೋಟ ತುಂಬಿ ಕಟ್ಟೆಯೆಲ್ಲ ಟೀ.

ಒರೆಸಲು ಬಟ್ಟೆ ಹಿಡಿದವಳು ಹಾಗೇ ನಿಂತೆ. ಬೆಟ್ಟ ಇನ್ನೂ ಕಪ್ಪಾಗಿದೆ. ಅಲ್ಲಿ ಮಳೆ ನಿಂತಿಲ್ಲ. ಮತ್ತೆ ಹಳ್ಳ ಇಳಿದದ್ದು ಹೇಗೆ?

ಕೆಳಗೋಡಿದೆ. "ಅತ್ತೆ, ನೀರು ಇಳಿದಿಲ್ಲ. ಮೇಲೆಲ್ಲೋ ಮರ, ಮಣ್ಣು ಅಡ್ಡ ಬಿದ್ದು ತಡೆದಿದೆ. ಒಡೆದ್ರೆ ಒಟ್ಟಿಗೇ ಬರುತ್ತೆ."

"ಟೀ ಎಲ್ಲಿ?"

"ಚೆಲ್ಲೋಯ್ತು. ಮೆಷಿನ್ ವಾಪಸ್ ಇಳಿಸೋ ಭಾರ ನಂದು. ನಿಮ್ಮ ಮಗ ಅಡ್ಡ ಬಂದ್ರೂ ಸರಿ. ಇದೇ ಕಿಟಕಿ, ಇದೇ ಜಾಗ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೂಜಿಯಡಿಯ ಬಟ್ಟೆ ಬಿಡಿಸಿ, "ಗಾಲಿ ಹುಷಾರು" ಎಂದರು.

ಮೇಲಿನ ಬೀದಿಗೆ ಹೋಗಿ ಎಂದು ದಂಡೆಯ ಮನೆಗಳಿಗೆಲ್ಲ ಕೂಗಿ ಹೇಳಿದೆ. ಪಕ್ಕದ ಮನೆಯ ಬಡಗಿ ಬಂದು ಮೆಷಿನ್ನಿಗೆ ಕೈಹಾಕಿದ.

"ಮಗು ಎತ್ತಿದ ಹಾಗೆ ಎತ್ತಪ್ಪಾ!"

"ಮಗು ಇಷ್ಟು ಭಾರ ಇದ್ರೆ ಹೆತ್ತವಳ ಗತಿ ಏನಜ್ಜೀ?"

ಕೊನೆಯ ಮೆಟ್ಟಿಲಿನಲ್ಲಿದ್ದೆವು. ಬೆಟ್ಟದ ಕಡೆಯಿಂದ ಗುಡುಗಿನಂಥ ಸದ್ದು. ದಿಮ್ಮಿ, ಕಲ್ಲು ಹೊತ್ತ ಕೆಸರು ನೀರು ನೋಡನೋಡುತ್ತಲೇ ಕೆಳಗಿನ ಕಿಟಕಿಯನ್ನು ಮುಳುಗಿಸಿತು. ಅಷ್ಟರಲ್ಲಿ ದಂಡೆಯವರೆಲ್ಲ ಮೇಲಿನ ಬೀದಿ ಸೇರಿದ್ದರು. ಅತ್ತೆ ಒಂದು ಕೈಯಲ್ಲಿ ಮೆಷಿನ್ನನ್ನು ಸೆರಗಿನಿಂದ ಒರೆಸುತ್ತಿದ್ದರು, ಇನ್ನೊಂದರಲ್ಲಿ ಹಿಡಿದ ನನ್ನ ಕೈ ಮಾತ್ರ ಬಿಡಲಿಲ್ಲ.

ನೀರಿಳಿದ ಮೇಲೆ ನಾನು ಮೊದಲು ತೊಳೆದದ್ದು ಆ ಕಿಟಕಿಯ ಮೂಲೆಯನ್ನು. ಮಳೆಗಾಲ ಮುಗಿದು ಗೋಡೆ ಒಣಗಿದಾಗ ಗಂಡ ರಾಗ ತೆಗೆದರು: "ಅಮ್ಮ ಇನ್ನು ಮೇಲೇ ಆರಾಮಾಗಿ..."

"ನೀವು ಗಾಲಿ ಕಡೆ ಹಿಡ್ಕೊಳ್ಳಿ," ಎಂದೆ.

ಅತ್ತೆ ಆಗಲೇ ಎಣ್ಣೆ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.